ಬಾಣಂತಿ ಕೋಣೆಯ ಎಲೆಬಳ್ಳಿ

ನರ್ಸಮ್ಮ ತೀರಿಕೊಂಡ ಮೇಲೆ ನನ್ನ ವರ್ಕ್‌ಶಾಪಿಗೆ ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಮಾತು. ಅವರಿದ್ದ ಮನೆ ಬಾಡಿಗೆಯದು, ಅದರ ಬಗ್ಗೆ ಕೇಳುವಂಥದ್ದೇನಿಲ್ಲ. ಒಡವೆ ಎಂದು ಅವರ ಮೈಮೇಲೆ ಇದ್ದದ್ದು ಒಂದು ಕೈಗಡಿಯಾರ. ಜನ ಕೇಳಿದ್ದು, "ಬಳ್ಳಿ ಯಾರ ಮನೇಲೈತೆ ಮೇಸ್ತ್ರಿ?" ಎಂದು.

ನಮ್ಮ ಮನೆಯಲ್ಲಿದೆ ಎಂದೆ. ಕೆಲವರು ಒಳಗೆ ಬಂದು ನೋಡಿಯೇ ಹೋದರು. ಯಗಟಿ ಕಡೆಯಿಂದ ಬಂದಿದ್ದ ಒಬ್ಬ ಹೆಂಗಸು, ನಾನು ಕಂಡವಳಲ್ಲ, ವೀಳ್ಯದೆಲೆ ಬಳ್ಳಿಯ ಕುಂಡದ ಮುಂದೆ ನಿಂತು, "ನನ್ ಮಗ ಕೂಸಾಗಿದ್ದಾಗ ಇದರದ್ದೇ ಎಲೆ ಹೊಟ್ಟೆ ಮೇಲೆ ಹಾಕಿದ್ರು. ಅವನೀಗ ಲಾರಿ ಓಡಿಸ್ತಾನೆ" ಎಂದು ಕಣ್ಣೊರೆಸಿಕೊಂಡಳು. ಎಲೆಗೂ ಲಾರಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಅವಳಿಗೆ ಅದು ಗೊತ್ತಿತ್ತು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬೀರೂರಿನಲ್ಲಿ ವೆಲ್ಡಿಂಗ್ ಕಲಿತವನು. ಅಜ್ಜಂಪುರಕ್ಕೆ ಬಂದು ಸ್ವಂತ ಅಂಗಡಿ ಹಾಕಿದೆ. ಇಲ್ಲಿಂದ ತರೀಕೆರೆಗೆ ಹೋಗುವ ದಾರಿಯಲ್ಲಿ ಎಲ್ಲಾದರೂ ಗೇಟು ಒಂಚೂರೂ ಅಲ್ಲಾಡದೆ ನಿಂತಿದ್ದರೆ ಅದು ನನ್ನ ಕೈಯದು ಎಂದು ತಿಳಿಯಬಹುದು. ಬರೆಯುವುದು ನನ್ನ ಕಸುಬಲ್ಲ. ಆದರೆ ಈ ಬಳ್ಳಿಯ ಕಥೆಯನ್ನು ಊರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳಲು ಶುರುಮಾಡಿದ್ದಾರೆ. ಕಣ್ಣಲ್ಲಿ ಕಂಡವನು ನಾನು, ಅದಕ್ಕೇ ಕೂತಿದ್ದೇನೆ.

ನಾನು ನರ್ಸಮ್ಮನನ್ನು ಮೊದಲು ಕಂಡದ್ದು ನನ್ನ ಮಗಳು ಹುಟ್ಟಿದ ದಿನ. ಹೆಂಡತಿ ಜಯಾಳನ್ನು ಆಸ್ಪತ್ರೆಯ ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಹೊರಗೆ ಒಂದು ಬೆಂಚಿತ್ತು. ಕೂತೆ, ಎದ್ದೆ, ಮತ್ತೆ ಕೂತೆ. ಆಸ್ಪತ್ರೆಯ ಗೇಟು ಗಾಳಿ ಬಂದಾಗೆಲ್ಲ ಕಿರ್ರೆನ್ನುತ್ತಿತ್ತು. ತಡೆಯಲಾಗಲಿಲ್ಲ. ಸೈಕಲ್ಲು ಹತ್ತಿ ಅಂಗಡಿಗೆ ಹೋಗಿ ಸ್ಪ್ಯಾನರು, ಎಣ್ಣೆ ತಂದು ಕೀಲು ಬಿಚ್ಚಿದೆ. ಅವರು ಹೊರಗೆ ಬಂದಾಗ ಗೇಟು ನೆಲದ ಮೇಲೆ ಅಂಗಾತ ಮಲಗಿತ್ತು.

"ಏನಯ್ಯಾ ಇದು? ಹೆಂಡ್ತಿ ಒಳಗಿದಾಳೆ, ನೀನು ಗೇಟು ಬಿಚ್ಕೊಂಡು ಕೂತಿದ್ದೀಯಾ?"

"ಸದ್ದು ಮಾಡ್ತಿತ್ತು ನರ್ಸಮ್ಮ."

"ಸುಮ್ನೆ ಕೂತ್ಕೊಳ್ಳಕ್ಕೆ ಬರಲ್ವಾ ನಿಂಗೆ?"

ಬರೋದಿಲ್ಲ ಎಂದೆ. ಸುಳ್ಳೇನಲ್ಲ. ಅವರು ಮೊಣಕೈವರೆಗೂ ತೊಳೆದ ಕೈಗಳನ್ನು ಬಟ್ಟೆಗೆ ಒರೆಸದೆ ಗಾಳಿಗೆ ಹಿಡಿದುಕೊಂಡು ನಿಂತಿದ್ದರು.

"ಕಲ್ತ್ಕೋ. ಬೆಳಗ್ಗೆಯಿಂದ ಒಳಗೆ ನಾನು ಮಾಡಿದ್ದು ಹೆಚ್ಚುಕಮ್ಮಿ ಅದೇ. ನೋಡ್ಕೊಂಡು ಕೂತಿರೋದೂ ಒಂದು ಕೆಲ್ಸ ಕಣಯ್ಯಾ." ಆಮೇಲೆ ಮಣಿಕಟ್ಟು ತಿರುಗಿಸಿ ಗಡಿಯಾರ ತೋರಿಸಿ ಹೊತ್ತು ಹೇಳಿದರು. "ಹನ್ನೊಂದೂ ಕಾಲಿಗೆ ಹುಟ್ಟಿದ್ದು. ಹೆಣ್ಣು. ಮೊದ್ಲು ಆ ಗೇಟು ನಿಲ್ಸು, ಆಮೇಲೆ ಬಂದು ನೋಡು."

ಆ ಗಡಿಯಾರವನ್ನು ಅವರು ಮುಖ ಒಳಗಡೆ ಬರುವಂತೆ ಕಟ್ಟುತ್ತಿದ್ದರು. ನಾಡಿ ಹಿಡಿದ ಕೈ ಬಿಡದೆಯೇ ಹೊತ್ತು ನೋಡಬೇಕಲ್ಲ, ಅದಕ್ಕೆ. ಮಗು ಹೊರಗೆ ಬಂದು ಅತ್ತ ಕೂಡಲೇ ಅವರು ಮೊದಲು ಮಾಡುತ್ತಿದ್ದ ಕೆಲಸ ಮಣಿಕಟ್ಟು ತಿರುಗಿಸಿ ಹೊತ್ತನ್ನು ಗಟ್ಟಿಯಾಗಿ ಹೇಳುವುದು. ಯಾರೂ ಕೇಳಿಸಿಕೊಳ್ಳುವವರಿಲ್ಲದಿದ್ದರೂ ಹೇಳುತ್ತಿದ್ದರಂತೆ.

ನಿವೃತ್ತಿಯಾದ ಮೇಲೆ ನನ್ನ ವರ್ಕ್‌ಶಾಪಿಗೆ ಅಂಟಿಕೊಂಡಿದ್ದ ಮನೆಗೇ ಬಾಡಿಗೆಗೆ ಬಂದರು. ಗೋಡೆ ಒಂದೇ. ಮಧ್ಯಾಹ್ನ ಅವರು ಮಲಗಿದ್ದಾಗ ನಾನು ಗ್ರೈಂಡಿಂಗ್ ಮೆಷಿನ್ ಹಾಕಿದರೆ ಆ ಕಡೆಯಿಂದ ಸೌಟಿನಲ್ಲಿ ಗೋಡೆಗೆ ಕುಟ್ಟುತ್ತಿದ್ದರು. ನಾನು ಸುತ್ತಿಗೆಯಲ್ಲಿ ಒಮ್ಮೆ ತಿರುಗಿ ಕುಟ್ಟಿ ನಿಲ್ಲಿಸುತ್ತಿದ್ದೆ. ಹೀಗೆ ಎಷ್ಟೋ ವರ್ಷ ನಮ್ಮ ಮಾತುಕತೆ ಗೋಡೆಯಲ್ಲೇ ನಡೆಯಿತು.

ಅವರಿಗೆ ಮದುವೆಯಾಗಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ ಅಂದರೆ ಸುಳ್ಳು. ಎಲ್ಲರೂ ಕೇಳಿದರು. "ಹೆರಿಗೆ ನೋಡಿ ನೋಡಿ ಹೆದರ್ಕೊಂಡ್ಬಿಟ್ಟೆ ಕಣೇ" ಎಂದು ನಗುತ್ತಿದ್ದರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಂದು ಲೋಟದಲ್ಲಿ ನೀರು, ನೀರಿನಲ್ಲಿ ಒಂದು ಹೂವು. ಅಷ್ಟೇ. ಬೀದಿಯ ಕೆಲವರು ಅವರ ಮನೆಯ ಬಾಗಿಲವರೆಗೆ ಬರುತ್ತಿದ್ದರು, ಕಾಫಿ ಎಂದರೆ, "ಈಗ ತಾನೇ ಕುಡ್ಕೊಂಡು ಬಂದೆ ನರ್ಸಮ್ಮ" ಅನ್ನುತ್ತಿದ್ದರು. ಅವರು ಎರಡನೇ ಸಲ ಕೇಳುತ್ತಿರಲಿಲ್ಲ. ನಾವು ಕುಡಿಯುತ್ತಿದ್ದೆವು. ಅದರಲ್ಲಿ ನಮ್ಮ ದೊಡ್ಡಸ್ತಿಕೆಯೇನಿಲ್ಲ, ಅವರ ಕಾಫಿ ಚೆನ್ನಾಗಿರುತ್ತಿತ್ತು.

ಬಳ್ಳಿ ಇದ್ದದ್ದು ಅವರ ಮನೆಯೊಳಗೆ, ಬಾಗಿಲಿಗೆ ನೇರವಾಗಿದ್ದ ನಡುವಿನ ಓಣಿಯಲ್ಲಿ, ಮೇಲಿಂದ ಒಂದು ಗಾಜಿನ ಹೆಂಚಿನ ಬೆಳಕು ಬೀಳುವ ಜಾಗದಲ್ಲಿ. ಸಿಮೆಂಟಿನ ಕುಂಡ. ಗೋಡೆ ಹಿಡಿದು ಹತ್ತಿ, ಕಿಟಕಿಯ ಸರಳು ಸುತ್ತಿ, ತೊಲೆಯವರೆಗೂ ಹೋಗಿತ್ತು. ಮೊದಲ ಕೆಲಸಕ್ಕೆ ಸೇರಿದ ಊರಿನಿಂದ ಒಂದು ಕಡ್ಡಿಯಾಗಿ ಬಂದದ್ದು, ವರ್ಗವಾದಾಗೆಲ್ಲ ಅವರ ಜೊತೆಗೇ ಹೊರಡುತ್ತಿತ್ತು. ಯಗಟಿಯಿಂದ ಕಡೂರು, ಕಡೂರಿನಿಂದ ತರೀಕೆರೆ, ತರೀಕೆರೆಯಿಂದ ಇಲ್ಲಿಗೆ. ಹಾಸಿಗೆ, ಪೆಟ್ಟಿಗೆ ಎಲ್ಲ ಬಸ್ಸಿನ ಮೇಲೆ, ಬಳ್ಳಿ ಮಾತ್ರ ಹಾಲಿನ ಪುಡಿಯ ಡಬ್ಬದಲ್ಲಿ ತೊಡೆಯ ಮೇಲೆ. ಕಂಡಕ್ಟರು, "ಇದನ್ನೂ ಮ್ಯಾಲಕ್ಕೆ ಹಾಕನೇನಮ್ಮ?" ಎಂದರೆ, "ಕಂಕುಳ ಕೂಸನ್ನ ಮೇಲೆ ಹಾಕ್ತೀಯೇನಪ್ಪಾ?" ಅನ್ನುತ್ತಿದ್ದರಂತೆ.

ಬೀದಿಯಲ್ಲಿ ಮಗು ಹುಟ್ಟಿದರೆ ಆ ಮನೆಯ ಅಜ್ಜಿ ಬಂದು ಎಲೆ ಕೇಳುತ್ತಿದ್ದಳು. ಎಲೆಗೆ ಹರಳೆಣ್ಣೆ ಸವರಿ, ದೀಪದ ಶಾಖ ತೋರಿಸಿ, ಅಳುವ ಕೂಸಿನ ಹೊಟ್ಟೆಯ ಮೇಲೆ ಇಡುವುದು ನಮ್ಮಲ್ಲಿ ರೂಢಿ. ಅದರಿಂದ ನಿಜಕ್ಕೂ ಗುಣ ಉಂಟಾ ಎಂದು ನಾನು ಒಮ್ಮೆ ಕೇಳಿದ್ದೆ. "ಎಲೆ ಏನು ಮಾಡುತ್ತೋ ನಂಗೊತ್ತಿಲ್ಲ. ಎಲೆ ಇಡೋ ನೆಪದಲ್ಲಿ ಅಜ್ಜಿ ಕೈ ಬೆಚ್ಚಗೆ ಅಲ್ಲಿರುತ್ತಲ್ಲ, ಅದು ಸಾಕು ಕೂಸಿಗೆ" ಎಂದರು.

ಒಂದು ವಿಷಯ ನನಗೆ ಬಹಳ ತಡವಾಗಿ ಹೊಳೆಯಿತು. ಎಲೆಯನ್ನು ಎಲ್ಲರೂ ಕೇಳಿದರು. ನಮ್ಮ ಮನೆಯಲ್ಲೂ ನೆಡುತ್ತೇವೆ, ಒಂದು ಕಡ್ಡಿ ಕೊಡಿ ಎಂದು ಯಾರೂ ಕೇಳಿರಲಿಲ್ಲ.

ಈಗ ಡ್ರಮ್ಮಿನ ವಿಷಯ.

ಒಂದು ಬೇಸಿಗೆಯಲ್ಲಿ ಅವರಿಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು. ಶಿವಮೊಗ್ಗದಲ್ಲಿ. ಆಮೇಲೆ ಭದ್ರಾವತಿಯ ತಂಗಿಯ ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುವುದು ಎಂದಾಗಿತ್ತು. ಬೀಗದ ಕೈ ನಮ್ಮಲ್ಲಿತ್ತು, ನೀರು ಹಾಕುವುದು ಜಯಾಳ ಪಾಲಿಗೆ ಬಂತು. ಕುಂಡ ಬಿರುಕು ಬಿಟ್ಟು ಬೇರು ಹೊರಗೆ ಇಣುಕುತ್ತಿರುವುದನ್ನು ಅವಳೇ ತೋರಿಸಿದಳು. ಅವರು ಬರುವಷ್ಟರಲ್ಲಿ ಹೊಸ ಕುಂಡ ಮಾಡಿ ಇಟ್ಟರೆ ಎಷ್ಟು ಖುಷಿಪಡುತ್ತಾರೆ ಅನ್ನಿಸಿತು ಇಬ್ಬರಿಗೂ.

ನಾನು ಕಬ್ಬಿಣದ ಡ್ರಮ್ಮು ಅರ್ಧಕ್ಕೆ ಕೊಯ್ದೆ. ತಳಕ್ಕೆ ಹೊಸ ತಗಡು ಕೂರಿಸಿ ವೆಲ್ಡ್ ಹೊಡೆದೆ. ಆ ಸಾಲು ಇರುವೆ ಸಾಲಿನ ಹಾಗೆ ಬಂದಿತ್ತು. ನೀರು ತುಂಬಿಸಿ ಒಂದು ದಿನ ಇಟ್ಟೆ, ಒಂದು ಹನಿ ಜಿನುಗಲಿಲ್ಲ. ನಾನು ನೀರಿನ ಟ್ಯಾಂಕು ಮಾಡುವವನು, ಸೋರಿದರೆ ಮರ್ಯಾದೆ ಹೋಗುತ್ತದೆ.

"ರೀ, ತಳಕ್ಕೆ ತೂತು ಬೇಡ್ವಾ?" ಎಂದಳು ಜಯಾ.

"ಮನೆಯೊಳಗೆಲ್ಲ ನೀರು ಹರಿದು ಅವರು ಜಾರಿ ಬೀಳ್ಲಿ ಅಂತಾನಾ? ನೋಡಿಲ್ಲಿ." ಪಕ್ಕದಲ್ಲಿ, ತಳದಿಂದ ಒಂದು ಗೇಣು ಮೇಲೆ, ಚಿಕ್ಕದೊಂದು ಕೊಳಾಯಿ ಕೂರಿಸಿದ್ದೆ. "ನೀರು ಹೆಚ್ಚಾಯ್ತು ಅನ್ನಿಸಿದ್ರೆ ತಿರುಗಿಸೋದು. ಯಾರ ಮನೆ ಕುಂಡಕ್ಕೈತೆ ಇಂಥದ್ದು?"

ಮಣ್ಣಿನ ವಿಷಯದಲ್ಲೂ ನಾವು ಕಮ್ಮಿ ಮಾಡಲಿಲ್ಲ. ನಾನು ಹುಟ್ಟಿದ ಊರು ಯಗಟಿಯ ಹತ್ತಿರ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಕಪ್ಪು ಗೋಡನ್ನು ಟ್ರ್ಯಾಕ್ಟರಿನಲ್ಲಿ ಹೊಡೆದು ತೋಟಕ್ಕೆ ಹಾಕುತ್ತೇವೆ. ಗೋಡು ಬಿದ್ದ ತೆಂಗಿನ ಮರ ಆನೆಯ ಕಾಲಿನ ಹಾಗೆ ಆಗುತ್ತದೆ. ಆ ಗೋಡನ್ನೇ ಎರಡು ಚೀಲ ತರಿಸಿದೆ. ಬೆರಕೆ ಏನೂ ಇಲ್ಲದ ಅಪ್ಪಟ ಗೋಡು. ಜಯಾ ತೊಲೆಗೆ, ಸರಳಿಗೆ ಸುತ್ತಿದ್ದ ಬಳ್ಳಿಯನ್ನು ಬಿಡಿಸಿ ಇಳಿಸಿ, ಬೇರಿಗೆ ಅಂಟಿದ್ದ ಹಳೇ ಮಣ್ಣನ್ನೆಲ್ಲ ಮಗುವಿಗೆ ಎರೆದ ಹಾಗೆ ತಿಕ್ಕಿ ತೊಳೆದಳು. ನಾನು ಗೋಡು ತುಂಬಿ ಮುಷ್ಟಿಯಲ್ಲಿ ಗುದ್ದಿ ಗಟ್ಟಿ ಮಾಡಿದೆ. ಮೇಲೆ ಸಗಣಿ ನೀರು. ಬಿಸಿಲು ಬೀಳಲಿ ಎಂದು ಅಂಗಳಕ್ಕೆ ಎಳೆದು ಇಟ್ಟೆವು. ಡ್ರಮ್ಮಿಗೆ ಹಸಿರು ಬಣ್ಣವನ್ನೂ ಹೊಡೆದೆ.

ಅವರು ಭದ್ರಾವತಿಯಿಂದ ಬಂದು ಆಟೋ ಇಳಿದಾಗ ಬಳ್ಳಿ ನೋಡುವ ಹಾಗಿರಲಿಲ್ಲ. ಅರ್ಧ ಎಲೆ ಹಳದಿ, ಉಳಿದರ್ಧ ನೇತುಬಿದ್ದಿದ್ದವು. ಎಲೆ ಬಾಡಿದ ಹಾಗೆಲ್ಲ ಜಯಾ ನೀರು ಹೆಚ್ಚಿಸುತ್ತಲೇ ಬಂದಿದ್ದಳು.

ನರ್ಸಮ್ಮ ಮೊದಲು ಒಳಗೆ ಹೋಗಿ ಕೈ ತೊಳೆದು ಬಂದರು. ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಸ್ಟೂಲಿನ ಮೇಲೆ ಕೂತರು. ಮಣ್ಣಿಗೆ ಬೆರಳು ಒತ್ತಿದರು, ಇಳಿಯಲಿಲ್ಲ. ಮೂಸಿದರು. ಆಮೇಲೆ ಕೊಳಾಯಿ ಕಣ್ಣಿಗೆ ಬಿತ್ತು.

"ಇದೇನೋ ಇದು?"

"ಕೊಳಾಯಿ ನರ್ಸಮ್ಮ. ನೀರು ಹೆಚ್ಚಾದ್ರೆ..."

ತಿರುಗಿಸಿದರು. ಏನೂ ಬರಲಿಲ್ಲ. ಗೋಡು ಒಳಗಿಂದ ಸಿಮೆಂಟಿನ ಹಾಗೆ ಕಚ್ಚಿಕೊಂಡಿತ್ತು. ಅವರಿಗೆ ನಗು ಬಂತು. ನಕ್ಕರೆ ಹೊಟ್ಟೆ ಎಳೆಯುತ್ತದೆ, ನಗದೆ ಇರಲಾರರು. "ಅಯ್ಯೋ, ನಗಿಸ್ಬೇಡ ಕಣೋ ಮೇಸ್ತ್ರಿ, ಹೊಲಿಗೆ ಬಿಚ್ಕೊಳ್ಳುತ್ತೆ. ಗಿಡಕ್ಕೆ ನಲ್ಲಿ! ಸ್ನಾನಕ್ಕೆ ಬಿಸಿನೀರು ಕಾಯ್ಸೋ ವ್ಯವಸ್ಥೆ ಯಾಕೆ ಮಾಡ್ಲಿಲ್ಲ?"

ಜಯಾಳಿಗೆ ಅಳು ಬಂದಿತ್ತು. "ಒಳ್ಳೇದಾಗ್ಲಿ ಅಂತ ಮಾಡಿದ್ವಿ ನರ್ಸಮ್ಮ."

"ಗೊತ್ತು ಕಣೇ. ಕೆಟ್ಟದಾಗ್ಲಿ ಅಂತ ಮಾಡಿದ್ರೆ ಇಷ್ಟು ಕೆಲ್ಸ ಯಾರು ಮಾಡ್ತಾರೆ?"

ಅಷ್ಟು ಹೊತ್ತಿಗೆ ಎದುರುಮನೆಯ ಗೌರಮ್ಮ ಬೇಲಿಯ ಹತ್ತಿರ ಬಂದು ನಿಂತಿದ್ದರು. ವಯಸ್ಸಾದ ಹೆಂಗಸು, ಬೀದಿಗೆಲ್ಲ ಹಿರಿಯರು, ಮನಸ್ಸು ಕೆಟ್ಟದ್ದಲ್ಲ. ಮರುಕದಿಂದಲೇ ಅಂದರು: "ಇಷ್ಟು ದಿನ ಬಂದಿದ್ದೇ ಹೆಚ್ಚು ಬಿಡಮ್ಮ. ಎಲೆಬಳ್ಳಿ ಮಡಿ ಕೇಳೋ ಜಾತಿ. ಎಲ್ಲರ ಕೈಗೂ ಆಗಿಬರಲ್ಲ ಅದು."

ನರ್ಸಮ್ಮನ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು. "ನೋಡೋಣ ಗೌರಮ್ಮ" ಎಂದಷ್ಟೇ ಹೇಳಿದರು.

ಗೌರಮ್ಮ ಹೋದ ಮೇಲೆ ನನ್ನನ್ನು ಒಳಗೆ ಕರೆದರು. "ಮೇಸ್ತ್ರಿ, ನಂಗೆ ಬಗ್ಗಕ್ಕಾಗಲ್ಲ. ಕೈ ನಿಂದು, ಕಣ್ಣು ನಂದು. ಹೋಗಿ ತೊಳ್ಕೊಂಡು ಬಾ. ಮೊಣಕೈವರೆಗೆ." ತೊಳೆದುಕೊಂಡು ಬಂದೆ. ಉಗುರು ನೋಡಿ ಮತ್ತೆ ಕಳಿಸಿದರು. ಗ್ರೀಸು ಒಂದೇ ಸಲಕ್ಕೆ ಹೋಗುವಂಥದ್ದಲ್ಲ.

ಡ್ರಮ್ಮನ್ನು ಅಡ್ಡ ಕೆಡವಿ, ಗೋಡನ್ನು ನೀರಲ್ಲಿ ನೆನೆಸಿ, ಬೆರಳಲ್ಲೇ ಬಿಡಿಸಿ ಬಿಡಿಸಿ ಬೇರನ್ನು ಹೊರಗೆ ತೆಗೆದೆ. ಕಪ್ಪಗೆ ಕೊಳೆತು ವಾಸನೆ ಹೊಡೆಯುತ್ತಿತ್ತು. ಅವರು ತಮ್ಮ ಕತ್ತರಿಯನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಕೊಟ್ಟರು. "ಕಪ್ಪಗಿರೋದನ್ನೆಲ್ಲ ಕತ್ತರಿಸು. ಬೆಳ್ಳಗೆ ಗಟ್ಟಿಯಾಗಿರೋದು ಒಂದೆಳೆ ಇದ್ರೂ ಬಿಡು."

ಕತ್ತರಿಸುತ್ತಾ ಹೋದೆ. ಉಳಿದದ್ದು ಒಂದು ಹಿಡಿಯೂ ಇರಲಿಲ್ಲ.

"ಇನ್ನು ಎಲೆ ತೆಗಿ. ಮೇಲೆ ಎಳೇವು ಎರಡು ಬಿಟ್ಟು ಎಲ್ಲ."

"ಅಯ್ಯೋ, ಹಸಿರಾಗಿರೋದನ್ನೂ?" ಎಂದಳು ಜಯಾ.

"ಬೇರೇ ಇಲ್ದೋಳು ಇಷ್ಟು ಎಲೆ ಹೊತ್ಕೊಂಡು ಹೆಂಗೆ ನಿಲ್ತಾಳೆ? ಹೊರೆ ಇಳಿಸೇ ಅವಳ್ದು."

ನಾನು ಹೊಸದೊಂದು ದೊಡ್ಡ ಕುಂಡ ತರುತ್ತೇನೆ ಎಂದೆ. ಬೇಡವೆಂದು ಅಟ್ಟದಲ್ಲಿದ್ದ ಚಿಕ್ಕ ಮಣ್ಣಿನ ಕುಂಡ ಇಳಿಸಲು ಹೇಳಿದರು. "ಎಳೇ ಕೂಸಿಗೆ ಅಪ್ಪನ ಅಂಗಿ ತೊಡಿಸಿದಂಗೆ ಆಗುತ್ತೆ. ಬೇರು ಎಷ್ಟಿದೆಯೋ ಅಷ್ಟೇ ಮನೆ." ಅಂಗಳದ ಕೆಮ್ಮಣ್ಣು, ಅದಕ್ಕೆ ಮರಳು, ಬಿಡಿಸಿದ ತೆಂಗಿನ ನಾರು, ಒಣಗಿದ ಎಲೆಯ ಪುಡಿ, ನಮ್ಮ ಒಲೆಯ ಇದ್ದಿಲ ಚೂರು. ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಒತ್ತಬೇಡ, ಮೆಲ್ಲಗೆ ಕುಂಡ ತಟ್ಟು ಅಂದರು. ಜಯಾ ಒಂಚೂರು ಗೊಬ್ಬರ ಎಂದಿದ್ದಕ್ಕೆ, "ಹೆತ್ತ ದಿನಾನೇ ಹೋಳಿಗೆ ಊಟ ಹಾಕ್ತೀಯೇನೇ?" ಎಂದು ಬೈದರು.

ಕುಂಡವನ್ನು ಅವರ ಒಳಕೋಣೆಗೆ ಒಯ್ದೆವು. ಪೆಟ್ಟಿಗೆ, ಹಳೇ ಸೀರೆ ಇಡುವ ಕೋಣೆ. ಒಂದು ಚಿಕ್ಕ ಕಿಟಕಿ, ಅದಕ್ಕೆ ಸೀರೆಯ ತುಂಡು ಕಟ್ಟಿಸಿದರು. ತಂಪಿರಲೆಂದು ಪಕ್ಕದಲ್ಲಿ ಒದ್ದೆ ಗೋಣಿಚೀಲ. "ಇದು ಬಾಣಂತಿ ಕೋಣೆ. ಗಾಳಿ ಬಡೀಬಾರದು, ಬಿಸಿಲು ಬೀಳಬಾರದು, ಕಂಡಕಂಡೋರು ಬಂದು ಮುಟ್ಟಬಾರದು." ಮಣ್ಣು ಒಣಗಿದ ಮೇಲೇ ಒಂದು ಲೋಟ ನೀರು, ಅದೂ ಅವರು ಹೇಳಿದ ದಿನ. ಆಮೇಲೆ ತಮ್ಮಷ್ಟಕ್ಕೇ ನಕ್ಕರು. "ಬಾಣಂತೀರಿಗೆ ನೀರು ಕೊಡ್ರೇ, ನೀರು ಕೊಡ್ರೇ ಅಂತ ನೌಕರಿ ಇರೋವರ್ಗೂ ಅಜ್ಜಿಯರ ಜೊತೆ ಜಗಳ ಆಡ್ದೆ. ಈಗ ನೋಡು, ನೀರು ಕೊಡಬೇಡ್ರೋ ಅಂತ ನಿಮ್ಮ ಜೊತೆ ಆಡ್ತಿದ್ದೀನಿ."

ಮೊದಲ ವಾರದಲ್ಲೇ ಬಿಟ್ಟಿದ್ದ ಎರಡೆಲೆಯಲ್ಲಿ ಒಂದು ಉದುರಿತು.

ನನಗೆ ಸುಮ್ಮನಿರಲಾಗಲಿಲ್ಲ. ದಿನಾ ಹೋಗಿ ಉಗುರಿನಿಂದ ಕಾಂಡ ಗೀರಿ ಒಳಗೆ ಹಸಿರಿದೆಯಾ ನೋಡುತ್ತಿದ್ದೆ. ಒಮ್ಮೆ ಕುಂಡವನ್ನು ಎತ್ತಿ ಕಿಟಕಿಯ ಹತ್ತಿರ ಇಟ್ಟೆ, ಮರುದಿನ ಮತ್ತೆ ಈ ಕಡೆ ಇಟ್ಟೆ. ಸಿಕ್ಕಿಬಿದ್ದೆ. ಅವರು ನನ್ನ ಕೈಮೇಲೆ ಫಟ್ಟನೆ ಹೊಡೆದರು.

"ಪದೇ ಪದೇ ಒಳಪರೀಕ್ಷೆ ಮಾಡಬಾರದು ಕಣೋ, ನಂಜಾಗುತ್ತೆ! ನಿಂಗೆ ಆವತ್ತೇ ಹೇಳಿದ್ದೆ, ಸುಮ್ನೆ ಕೂತ್ಕೊಳ್ಳೋದು ಕಲ್ತ್ಕೋ ಅಂತ. ನಾಳೆಯಿಂದ ಊಟ ಆದ್ಮೇಲೆ ಬಂದು ಇಲ್ಲಿ ಕೂರು. ಕೈ ಕಟ್ಕೊಂಡು."

ಶಿಕ್ಷೆ ಅಂದುಕೊಂಡೇ ಹೋದೆ. ಕಬ್ಬಿಣ ಹಿಡಿದ ಕೈಗೆ ಖಾಲಿ ಇರುವುದು ಬಹಳ ಕಷ್ಟ. ಅವರು ಮಂಚದ ತುದಿಯಲ್ಲಿ, ನಾನು ಹೊಸ್ತಿಲ ಮೇಲೆ, ನಡುವೆ ಒಂದೆಲೆಯ ಬಳ್ಳಿ. ಹೀಗೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ಅವರು ಆ ಕಡ್ಡಿ ಬಂದ ಕಥೆ ಹೇಳಿದ್ದು.

ಮೊದಲ ಊರು. ಅವರಿನ್ನೂ ಚಿಕ್ಕ ಹುಡುಗಿ. ಒಂದು ಮನೆಯಲ್ಲಿ ಕಷ್ಟದ ಹೆರಿಗೆ, ತಾಯಿ ಮಗು ಇಬ್ಬರೂ ಉಳಿದರು. ಬಾವಿಯ ಹತ್ತಿರ ಎಲೆಬಳ್ಳಿ ಸೊಂಪಾಗಿತ್ತು. ಇವರು ಆಸೆಪಟ್ಟು ಒಂದು ಕಡ್ಡಿ ಕೇಳಿದರು. ಆ ಮನೆಯ ಅಜ್ಜಿ ಕೃತಜ್ಞತೆಯಿಂದ ಕೊಯ್ದು ತಂದಳು. ತಂದು, ಇವರು ಚಾಚಿದ ಕೈಗೆ ಕೊಡದೆ, ಜಗಲಿಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. "ತಗೋ ಮಗ. ಆದ್ರೆ ನಿನ್ ಕೈಗೆ ಅದು ಬರಲ್ಲ. ದಿನಾ ಪುರುಡಿನ ಮನೆಗೆ ಹೋಗೋಳು ನೀನು. ಅದರ ಮ್ಯಾಲೆ ನಿಮ್ಮ ಜನ" ಎಂದಳಂತೆ. ಹೆರಿಗೆಯ ಮನೆಯ ಮೈಲಿಗೆ ಒಂದು, ಹುಟ್ಟಿದ ಜಾತಿಯ ಮೈಲಿಗೆ ಇನ್ನೊಂದು. ಮೊಮ್ಮಗನನ್ನು ಮೊದಲು ಮುಟ್ಟಿದ ಕೈ ಅದೇ ಎಂಬುದು ಆ ಅಜ್ಜಿಗೆ ಆ ಗಳಿಗೆಯಲ್ಲಿ ನೆನಪಿರಲಿಲ್ಲ.

"ನಿಮಗೆ ಸಿಟ್ಟು ಬರ್ಲಿಲ್ವಾ?"

"ಬಂತು. ಅಲ್ಲೇ ಬಿಟ್ಟು ಹೋಗೋಣ ಅನ್ನಿಸ್ತು. ಆದ್ರೆ ಕಡ್ಡಿ ಏನು ಮಾಡಿತ್ತು ಪಾಪ, ಬಿಸಿಲಲ್ಲಿ ಬಿದ್ದಿತ್ತು. ಎತ್ಕೊಂಡೆ." ಬಳ್ಳಿಯ ಕಡೆ ಬೆರಳು ತೋರಿಸಿದರು. "ನೋಡು ಮೇಸ್ತ್ರಿ, ಗಿಡ ಅಂದ್ಮೇಲೆ ಒಂದಿನ ಒಣಗುತ್ತೆ. ಅದಕ್ಕೆ ನಾನು ಅಳೋಳಲ್ಲ. ಆದ್ರೆ ಇದು ನಾನಿರೋವಾಗ ಒಣಗಬಾರದು. ಒಣಗಿದ್ರೆ ಆ ಅಜ್ಜಿ ಮಾತು ನಿಜ ಆಗ್ಬಿಡುತ್ತೆ."

ನಾನು ಇನ್ನೊಂದು ಕಡ್ಡಿ ಎಲ್ಲಿಂದಲಾದರೂ ತಂದು ಅದೇ ಕುಂಡಕ್ಕೆ ಚುಚ್ಚಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಮತ್ತೆ ಕೈ ಕಟ್ಟಿಕೊಂಡು ಕೂತೆ.

ಅಂದಿನಿಂದ ಹೊಸ್ತಿಲ ಮೇಲೆ ಕೂರುವುದು ನನಗೆ ಶಿಕ್ಷೆಯಾಗಿರಲಿಲ್ಲ. ಗಿರಾಕಿಗಳು ಹುಡುಕಿಕೊಂಡು ಬಂದರೆ ಜಯಾ, "ಅವ್ರು ಬಾಣಂತನ ಮಾಡ್ತಾವ್ರೆ, ಆಮೇಲೆ ಬನ್ನಿ" ಎಂದು ಕಳಿಸುತ್ತಿದ್ದಳು. ಊರಲ್ಲೆಲ್ಲ ನಗೆಯಾಯಿತು. ಆಗಲಿ ಎಂದುಕೊಂಡೆ. ಉಳಿದಿದ್ದ ಒಂದೆಲೆಯೂ ಅಂಚಿನಿಂದ ಕಂದತೊಡಗಿತ್ತು. ನರ್ಸಮ್ಮ ಅದರ ಜೊತೆ ಮಾತಾಡುತ್ತಿದ್ದರು. ನೋವು ತಿನ್ನುವ ಹೆಂಗಸರ ಹತ್ತಿರ ಮಾತಾಡುವ ದನಿ ಅದು, ಜಯಾ ಗುರುತು ಹಿಡಿದಳು. "ಅವಸರ ಇಲ್ಲ ಕಣವ್ವ. ನಾನಿಲ್ಲೇ ಇದ್ದೀನಿ. ನಿಧಾನಕ್ಕೆ ಉಸಿರು ಬಿಡು."

ಹೊರಗೆ ಮೊದಲ ಮಳೆ ಬಿದ್ದು ಕೆಮ್ಮಣ್ಣುಗುಂಡಿಯ ಕಡೆಯಿಂದ ತಂಪು ಗಾಳಿ ಬರತೊಡಗಿದ ಸಮಯ. ಒಂದು ಮಧ್ಯಾಹ್ನ ಕೂತಿದ್ದೆವು. ಅವರು ತಟಕ್ಕನೆ, "ಮೇಸ್ತ್ರಿ, ನನ್ನ ಕನ್ನಡಕ ಕೊಡು" ಎಂದರು. ಕೊಟ್ಟೆ. ಬಗ್ಗಿ ನೋಡಿದರು. ನಾನೂ ನೋಡಿದೆ. ಕಾಂಡದ ಬುಡದಲ್ಲಿ, ಗೆಣ್ಣಿನ ಪಕ್ಕದಲ್ಲಿ, ರಾಗಿ ಕಾಳಿನಷ್ಟು ಹಸಿರು.

ಅವರು ಖುಷಿಯಲ್ಲಿ ಕೂಗಲಿಲ್ಲ. ಮಣಿಕಟ್ಟು ತಿರುಗಿಸಿದರು. ಗಡಿಯಾರ ನೋಡಿದರು.

"ಎರಡೂ ಇಪ್ಪತ್ತು" ಎಂದರು ಗಟ್ಟಿಯಾಗಿ.

ಬಾಗಿಲಲ್ಲಿದ್ದ ಜಯಾ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ದಸರಾ ಹೊತ್ತಿಗೆ ಬಳ್ಳಿ ಓಣಿಗೆ ವಾಪಸ್ಸು ಬಂತು. ದೀಪಾವಳಿ ಕಳೆದು ಕಿಟಕಿಯ ಸರಳು ಹಿಡಿಯಿತು. ನನ್ನ ಹಸಿರು ಡ್ರಮ್ಮಿಗೆ ನೀರು ತುಂಬಿಸಿ ಅದರ ಪಕ್ಕದಲ್ಲೇ ಇಟ್ಟುಕೊಂಡರು, ಕೊಳಾಯಿ ತಿರುಗಿಸಿ ಲೋಟ ತುಂಬಿಕೊಳ್ಳುತ್ತಿದ್ದರು. ಅದು ಇವತ್ತಿಗೂ ಸೋರುವುದಿಲ್ಲ.

ಗೌರಮ್ಮ ದಿನಾ ಬೇಲಿಯಾಚೆಯಿಂದ, ತೆರೆದ ಬಾಗಿಲೊಳಗೆ ಇಣುಕಿ ನೋಡಿ ಹೋಗುತ್ತಿದ್ದರು. ಒಂದು ದಿನ ಬಿಸಿಲೇರಿದ ಮೇಲೆ ನಾನು ನರ್ಸಮ್ಮನ ಗೇಟಿನ ಚಿಲಕ ಸರಿ ಮಾಡುತ್ತಿದ್ದಾಗ ಬಂದರು. ಅದೂ ಇದೂ ಮಾತಾಡಿದರು. ಕೊನೆಗೆ, "ನಮ್ಮನೇಲೂ ಒಂದು ಕುಂಡ ಖಾಲಿ ಬಿದ್ದೈತೆ ಕಣಮ್ಮ. ಮೊಮ್ಮಗಳು ಬಾಣಂತನಕ್ಕೆ ಬತ್ತಾಳೆ. ಒಂದು ಕಡ್ಡಿ ಕೊಟ್ಟಿದ್ರೆ..." ಎಂದರು.

ನರ್ಸಮ್ಮ ಒಳಗೆ ಹೋಗಿ ಕತ್ತರಿ ಕುದಿಸಿ, ಒಳ್ಳೆಯ ಗೆಣ್ಣು ನೋಡಿ ಒಂದು ಕಡ್ಡಿ ಕೊಯ್ದು ತಂದರು. ಗೌರಮ್ಮ ರೂಢಿಯಂತೆ ಗೇಟಿನ ಪಕ್ಕದ ಕಟ್ಟೆ ತೋರಿಸಿದರು. "ಅಲ್ಲೇ ಇಡಮ್ಮ, ತಗೋತೀನಿ."

ನರ್ಸಮ್ಮ ಇಡಲಿಲ್ಲ. ಚಾಚಿದ ಕೈ ಚಾಚಿಯೇ ಇತ್ತು. "ಕಟ್ಟೆ ಕಾದಿದೆ ಗೌರಮ್ಮ. ಅದರ ಮೇಲಿಟ್ರೆ ಬಾಡುತ್ತೆ. ಕೈ ಒಡ್ಡಿ."

ನನ್ನ ಸ್ಪ್ಯಾನರು ನಿಂತಿತು. ಬೀದಿಯಲ್ಲಿ ಒಂದು ಬೈಕು ಹೋಯಿತು. ಗೌರಮ್ಮ ಕಟ್ಟೆ ನೋಡಿದರು, ಕಡ್ಡಿ ನೋಡಿದರು, ನರ್ಸಮ್ಮನ ಮುಖ ನೋಡಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಒಡ್ಡಿದರು. ನರ್ಸಮ್ಮ ಕಡ್ಡಿಯನ್ನು ಅವರ ಅಂಗೈಯಲ್ಲಿಟ್ಟು, ತಮ್ಮ ಕೈಯಿಂದಲೇ ಅವರ ಬೆರಳು ಮಡಿಸಿದರು. ಈಗ ತಾನೇ ಹುಟ್ಟಿದ್ದನ್ನು ಹೇಗೆ ಹಿಡಿಯಬೇಕೆಂದು ತೋರಿಸುವ ಹಾಗಿತ್ತು ಅದು.

"ಒಂದ್ಲೋಟ ಕಾಫಿ ಕುಡೀತೀರಾ?"

"ಈಗ ತಾನೇ..." ಎಂದು ಬಾಯಿ ತೆಗೆದ ಗೌರಮ್ಮ ಅಷ್ಟಕ್ಕೇ ನಿಲ್ಲಿಸಿದರು. "ಸಕ್ಕರೆ ಕಮ್ಮಿ ಹಾಕು. ನಂಗೆ ಶುಗರ್ರು."

ಆಮೇಲೂ ಕೆಲವು ವರ್ಷ ನರ್ಸಮ್ಮ ನಮ್ಮ ಗೋಡೆ ಕುಟ್ಟುತ್ತಿದ್ದರು. ಈ ವರ್ಷ ಒಂದು ಮಧ್ಯಾಹ್ನ ನಾನು ಮೆಷಿನ್ ಹಾಕಿದೆ, ಸೌಟಿನ ಸದ್ದು ಬರಲಿಲ್ಲ. ನಿಲ್ಲಿಸಿ, ನಾನೇ ಸುತ್ತಿಗೆಯಲ್ಲಿ ಕುಟ್ಟಿದೆ. ಮತ್ತೆ ಕುಟ್ಟಿದೆ. ಆಮೇಲೆ ಓಡಿದೆ. ನಿದ್ದೆಯಲ್ಲೇ ಹೋಗಿದ್ದರು.

ಅವರನ್ನು ನಡುಮನೆಯಲ್ಲಿ ಮಲಗಿಸಿದ್ದಾಗ ಹೂವಿನ ಹಾರ ಎಷ್ಟೋ ಬಂದವು. ಗೌರಮ್ಮ ತಮ್ಮ ಮನೆಯ ಬಳ್ಳಿಯಿಂದ ಎಲೆ ಕೊಯ್ದು ತಂದರು. ಎಲ್ಲರೂ ಕಾಲ ಬಳಿ ಇಟ್ಟು ಸರಿಯುತ್ತಿದ್ದರು. ಗೌರಮ್ಮ ಮಂಡಿಯೂರಿ ಕೂತು, ಆ ತಣ್ಣನೆಯ ಬೆರಳು ಬಿಡಿಸಿ, ಎಲೆಗಳನ್ನು ಅವರ ಕೈಯಲ್ಲಿಟ್ಟರು.

ಕೈಗಡಿಯಾರವನ್ನು ತಂಗಿಯ ಮಗಳು ಒಯ್ದಳು. ಬಳ್ಳಿ ನಿಮ್ಮಲ್ಲೇ ಇರಲಿ ಎಂದಳು.

ನಮ್ಮ ಮನೆಗೆ ಬಂದ ಮೇಲೆ ನೋಡುತ್ತೇನೆ, ಆ ಮಣ್ಣಿನ ಕುಂಡದ ತಳದ ತೂತಿನಿಂದ ಬೇರು ಹೊರಗೆ ಬಂದಿದೆ. ಬದಲಾಯಿಸಲೇಬೇಕು. ಎಷ್ಟೋ ದಿನ ಮುಂದೂಡಿದೆ. ಕೊನೆಗೆ ಈ ವಾರ ಕೈ ತೊಳೆದುಕೊಂಡೆ, ಮೊಣಕೈವರೆಗೆ, ಎರಡು ಸಲ. ಸ್ವಲ್ಪವೇ ದೊಡ್ಡದಾದ ಕುಂಡ, ಉದುರುವ ಮಣ್ಣು, ಗೊಬ್ಬರವಿಲ್ಲ, ಒತ್ತಲಿಲ್ಲ. ನಮ್ಮ ಒಳಕೋಣೆಯ ಕಿಟಕಿಗೆ ಜಯಾ ಅವರದ್ದೇ ಒಂದು ಹಳೇ ಸೀರೆಯ ತುಂಡು ಕಟ್ಟಿದಳು. ಎರಡೆಲೆ ಬಾಡಿವೆ. ಉಳಿದವು ನಿಂತಿವೆ.

ಇವತ್ತು ಊಟವಾದ ಮೇಲೆ ಹೊಸ್ತಿಲ ಮೇಲೆ ಕೂತಿದ್ದೆ. ಗೇಟಿಗೆ ಅಳತೆ ಕೊಡಲು ಬಂದವನು ವರ್ಕ್‌ಶಾಪಿನಲ್ಲಿ ಯಾರೂ ಇಲ್ಲದ್ದು ಕಂಡು ಒಳಗೆ ಇಣುಕಿದ.

"ಏನ್ ಮೇಸ್ತ್ರಿ, ಸುಮ್ನೆ ಕೂತ್ಬಿಟ್ಟಿದ್ದೀರಾ?"

"ಮೆಲ್ಲಗೆ ಮಾತಾಡಪ್ಪಾ" ಎಂದೆ. "ಕೆಲ್ಸದಲ್ಲಿದ್ದೀನಿ."